ಚರ್ಚೆಗೆ ಹೋಗಬೇಕೇ, ಕುರ್ಚಿ ಖಾಲಿ ಬಿಡಬೇಕೇ: ಅಭ್ಯರ್ಥಿಗೂ ಪ್ರಚಾರ ತಂಡಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎನ್ನುತ್ತದೆ ಗಾದೆ. ಚುನಾವಣಾ ಚರ್ಚೆಯ ದಿನ ಹತ್ತಿರ ಬಂದಾಗ, ಯಾವ ದೇಶದ ಪ್ರಚಾರ ಕಚೇರಿಯಲ್ಲಾದರೂ ಯಾರಾದರೊಬ್ಬರು ಇದೇ ಅರ್ಥದ ಮಾತನ್ನು ತಮ್ಮ ಭಾಷೆಯಲ್ಲಿ ಆಡಿಯೇ ಆಡುತ್ತಾರೆ: "ಈ ಒಂದು ರಾತ್ರಿ ದಾಟಿಬಿಟ್ಟರೆ ಸಾಕು."

1980ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಥದೊಂದು ರಾತ್ರಿಯನ್ನು ದಾಟಿದರು. ಸೆಪ್ಟೆಂಬರ್ 21ರಂದು ಬಾಲ್ಟಿಮೋರ್‌ನಲ್ಲಿ ಏರ್ಪಟ್ಟ ಚರ್ಚೆಗೆ ಪಕ್ಷೇತರ ಅಭ್ಯರ್ಥಿ ಜಾನ್ ಆಂಡರ್ಸನ್ ಅವರನ್ನೂ ಕರೆದದ್ದು ಅವರಿಗೆ ಸರಿಬರಲಿಲ್ಲ. ಮೊದಲು ಮುಖ್ಯ ಎದುರಾಳಿ ರೊನಾಲ್ಡ್ ರೇಗನ್ ಜತೆ ತಾನೊಬ್ಬನೇ ಎಂದು ಪಟ್ಟು ಹಿಡಿದು ಹೊರಗುಳಿದರು. ರೇಗನ್ ಮತ್ತು ಆಂಡರ್ಸನ್ ಇಬ್ಬರೇ ವೇದಿಕೆಯಲ್ಲಿ ಮಾತಾಡಿದರು. ಕಾರ್ಟರ್ ಬಯಸಿದ್ದ ಮುಖಾಮುಖಿ ಕೊನೆಗೂ ನಡೆದದ್ದು ಅಕ್ಟೋಬರ್ 28ರಂದು, ಮತದಾನಕ್ಕೆ ಒಂದೇ ವಾರ ಉಳಿದಿದ್ದಾಗ. ನಾಲ್ಕು ವರ್ಷದ ಹಿಂದಿಗಿಂತ ಈಗ ನಿಮ್ಮ ಬದುಕು ಸುಧಾರಿಸಿದೆಯೇ ಎಂದು ರೇಗನ್ ಅಂದು ನೋಡುಗರನ್ನು ಕೇಳಿದರು. ಆ ಪ್ರಶ್ನೆಗೊಂದು ಉತ್ತರ ಕಟ್ಟಿ ದೇಶಕ್ಕೆಲ್ಲ ಮುಟ್ಟಿಸಲು ಕಾರ್ಟರ್ ಬಳಿ ದಿನಗಳೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ತಪ್ಪಿಸಿಕೊಂಡ ದೊಣ್ಣೆ ಐದು ವಾರ ತಡವಾಗಿ, ಇನ್ನೂ ಭಾರವಾಗಿ ಬಿತ್ತು.

ಹಾಗೆಂದು ಗೈರುಹಾಜರಾದವರೆಲ್ಲ ಸೋತಿದ್ದಾರೆಯೇ? ಇಲ್ಲ. ಗೆದ್ದವರ ಪಟ್ಟಿಯೂ ಸಾಕಷ್ಟು ಉದ್ದವಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಒಲವು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಒಮ್ಮೆ ಒಪ್ಪಿ, ದಿನಾಂಕ ಗೊತ್ತಾದ ಚರ್ಚೆಗೆ ಹೋಗಬೇಕು. ಹೋಗದಿರಲು ಕಾರಣ ಬೇಕು. ಆ ಕಾರಣ ಗಟ್ಟಿಯಾಗಿ ಹೇಳಿಕೊಳ್ಳುವಂಥದ್ದಾಗಿರಬೇಕು. ಮುಂದಿನ ಹೆಜ್ಜೆಗಳೆಲ್ಲ ಆ ಕಾರಣವನ್ನು ಹುಡುಕುವ, ಪರೀಕ್ಷಿಸುವ, ಸಿಕ್ಕರೆ ಜನರ ಮುಂದೆ ಇಡುವ ಕೆಲಸ.

ಮೊದಲ ಹೆಜ್ಜೆ: ಒಪ್ಪಿಗೆಯ ಕಡತ ತೆಗೆಯಿರಿ

ವಾದ ಶುರು ಮಾಡುವ ಮುನ್ನ ಕಾಗದ ನೋಡಿ. ಆಹ್ವಾನ ಮಾತ್ರ ಬಂದಿದೆಯೇ? ತಂಡದ ಯಾರೋ ಫೋನಿನಲ್ಲಿ "ಆಗಲಿ, ನೋಡೋಣ" ಎಂದಿದ್ದಾರೆಯೇ? ಇಮೇಲ್‌ನಲ್ಲಿ ಒಪ್ಪಿಗೆ ಹೋಗಿದೆಯೇ? ಅಭ್ಯರ್ಥಿಯೇ ಯಾವುದಾದರೂ ಸಭೆಯಲ್ಲಿ "ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಬರುತ್ತೇನೆ" ಎಂದು ಎದೆ ತಟ್ಟಿಕೊಂಡ ವಿಡಿಯೊ ಇದೆಯೇ? ಈ ಕೊನೆಯದು ಇದ್ದರೆ ಎದುರಾಳಿಯ ಬಳಿ ಅದು ಇದ್ದೇ ಇರುತ್ತದೆ, ನೀವು ಬಾರದ ರಾತ್ರಿಗಾಗಿ ಕಾದಿರುತ್ತದೆ.

ಒಪ್ಪದ ಚರ್ಚೆಗೆ ಹೋಗದಿರುವುದು ನಿರಾಕರಣೆ. ಒಪ್ಪಿದ ಚರ್ಚೆಗೆ ಹೋಗದಿರುವುದು ಮಾತಿಗೆ ತಪ್ಪುವುದು. ಮೊದಲನೆಯದನ್ನು ಮತದಾರರು ಸಾಮಾನ್ಯವಾಗಿ ತಂತ್ರವೆಂದು ನೋಡಿ ಮರೆಯುತ್ತಾರೆ. ಎರಡನೆಯದನ್ನು ಸ್ವಭಾವವೆಂದು ಓದುತ್ತಾರೆ. ಪ್ರಚಾರ ತಂಡಗಳು ಈ ವ್ಯತ್ಯಾಸವನ್ನು ಎಷ್ಟು ಸಲೀಸಾಗಿ ಕಡೆಗಣಿಸುತ್ತವೆ ಎಂದರೆ ಆಶ್ಚರ್ಯವಾಗುತ್ತದೆ.

ನಿಯಮವನ್ನೂ ಓದಿ. ನೀವು ಬಾರದಿದ್ದರೆ ಚರ್ಚೆ ರದ್ದಾಗುತ್ತದೆ ಎಂಬ ಲೆಕ್ಕದಲ್ಲಿ ಕೂರಬೇಡಿ. ಬ್ರೆಜಿಲ್‌ನ ಚುನಾವಣಾ ಕಾನೂನು, ಕನಿಷ್ಠ 72 ಗಂಟೆ ಮೊದಲು ಆಹ್ವಾನ ಕೊಟ್ಟದ್ದನ್ನು ವಾಹಿನಿ ತೋರಿಸಿದರೆ, ಬಾರದ ಅಭ್ಯರ್ಥಿಯನ್ನು ಬಿಟ್ಟು ಚರ್ಚೆ ನಡೆಸಲು ಅವಕಾಶ ಕೊಡುತ್ತದೆ. ಬೇರೆ ಕಡೆಗಳಲ್ಲಿ ಕಾನೂನು ಸುಮ್ಮನಿರಬಹುದು, ಆದರೆ ಆಯೋಜಕರ ನಿಯಮಪತ್ರ ಮಾತಾಡುತ್ತದೆ: ಖಾಲಿ ಪೋಡಿಯಂ ತೋರಿಸುತ್ತಾರೆಯೇ, ಎದುರಾಳಿಗೆ ಪೂರ್ತಿ ಸಮಯ ಕೊಡುತ್ತಾರೆಯೇ, ಪ್ರಸಾರವನ್ನೇ ಕೈಬಿಡುತ್ತಾರೆಯೇ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ತೀರ್ಮಾನಿಸುವವರು ಕತ್ತಲಲ್ಲಿ ಕಲ್ಲೆಸೆಯುತ್ತಾರೆ.

ಎರಡನೆಯ ಹೆಜ್ಜೆ: ಎರಡು ಚೀಟಿ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಇಡುವಷ್ಟು ಸಮಯವಿದ್ದರೆ, ಇದನ್ನು ಇಡಿ. ಅಭ್ಯರ್ಥಿ, ಪ್ರಚಾರದ ಮುಖ್ಯಸ್ಥರು, ಅಭ್ಯರ್ಥಿಯ ಎದುರು ನಿಂತು "ತಪ್ಪು" ಎನ್ನುವ ಧೈರ್ಯವಿರುವ ಒಬ್ಬರು. ಈ ಮೂವರೇ ಕೋಣೆಯಲ್ಲಿ ಇರಲಿ. ಒಂದು ಚೀಟಿಯಲ್ಲಿ ಹೋಗದಿರಲು ನಿಜವಾದ ಕಾರಣ ಬರೆಯಿರಿ. ಇನ್ನೊಂದರಲ್ಲಿ ಪತ್ರಕರ್ತರಿಗೆ ಹೇಳಲಿರುವ ಕಾರಣ ಬರೆಯಿರಿ. ಎರಡೂ ಒಂದೇ ಆಗಿದ್ದರೆ ಮುಂದಕ್ಕೆ ಯೋಚಿಸಬಹುದು. ಬೇರೆ ಬೇರೆ ಆಗಿದ್ದರೆ, ಒಳಗಿನ ಚೀಟಿ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ ಎಂದುಕೊಂಡೇ ತೀರ್ಮಾನಿಸಿ. ಪ್ರಚಾರ ಕಚೇರಿಯ ಗೋಡೆಗಳಿಗೆ ಕಿವಿಗಿಂತ ಬಾಯಿ ದೊಡ್ಡದು.

ಕಾರಣಗಳು ಸಾಮಾನ್ಯವಾಗಿ ನಾಲ್ಕು ಬಗೆಯವು.

ಹೆಚ್ಚು ಕೇಳಿಬರುವುದು *ಚರ್ಚೆಯ ಸ್ವರೂಪ ಸರಿಯಿಲ್ಲ* ಎಂಬುದು. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಇಲ್ಲಿ ತಾನಾಗಿ ನೆನಪಾಗುತ್ತದೆ, ಆದರೆ ನೆಲ ನಿಜಕ್ಕೂ ಡೊಂಕಾಗಿರುವುದೂ ಉಂಟು. ನಿರೂಪಕರು ಎದುರಾಳಿಯ ಪಕ್ಷದ ಪದಾಧಿಕಾರಿ ಆಗಿದ್ದವರೇ? ಸಭಾಂಗಣದ ಪ್ರವೇಶಪತ್ರಗಳನ್ನು ಒಂದೇ ಕಡೆಯವರು ಹಂಚುತ್ತಿದ್ದಾರೆಯೇ? ಪ್ರಶ್ನೆಗಳು ಒಬ್ಬರಿಗೆ ಮೊದಲೇ ತಲುಪಿವೆಯೇ? ಇಂಥದ್ದಿದ್ದರೆ ಬರಹದಲ್ಲಿ ಆಕ್ಷೇಪಿಸಿ, ತಿದ್ದಲು ಸಮಯ ಕೊಡಿ. ತಿದ್ದಿದರೆ ಹೋಗಿ. ತಿದ್ದಿದ ಮೇಲೂ ಹೋಗದೆ ಹೊಸ ಡೊಂಕು ಹುಡುಕುವವರ ಚೀಟಿಯಲ್ಲಿ ಬೇರೇನೋ ಬರೆದಿರುತ್ತದೆ.

2020ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಕೋವಿಡ್ ತಗಲಿದ ಮೇಲೆ ಆಯೋಜಕರು ಎರಡನೆಯ ಚರ್ಚೆಯನ್ನು ದೂರದಿಂದಲೇ, ಪರದೆಯ ಮೂಲಕ ನಡೆಸುವುದಾಗಿ ಹೇಳಿದರು. ಟ್ರಂಪ್ ಒಲ್ಲೆ ಎಂದರು, ಚರ್ಚೆ ರದ್ದಾಯಿತು. ಅಕ್ಟೋಬರ್ 15ರ ಅದೇ ರಾತ್ರಿ ಟ್ರಂಪ್ ಮತ್ತು ಬೈಡನ್ ಬೇರೆ ಬೇರೆ ವಾಹಿನಿಗಳಲ್ಲಿ ಮತದಾರರ ಪ್ರಶ್ನೆಗಳಿಗೆ ಉತ್ತರಿಸಿದರು. ಕಾರಣ ಬಹಿರಂಗವಾಗಿತ್ತು, ಎಲ್ಲರಿಗೂ ಅರ್ಥವಾಗುವಂತಿತ್ತು. ಒಪ್ಪುವುದು ಬಿಡುವುದು ಬೇರೆ ಮಾತು.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. 2024ರ ಜೂನ್ 27ರ ಚರ್ಚೆಗೆ ಪ್ರೇಕ್ಷಕರು ಬೇಡ, ಸರದಿ ಮುಗಿದವರ ಮೈಕ್ ಬಂದ್ ಆಗಬೇಕು ಎಂದು ಕೇಳಿದ್ದು ಬೈಡನ್ ತಂಡವೇ. ಕೇಳಿದ್ದೆಲ್ಲ ಸಿಕ್ಕಿತು. ಅಂದಿನ ರಾತ್ರಿಯ ತಡವರಿಕೆ ಎಷ್ಟು ದುಬಾರಿಯಾಯಿತೆಂದರೆ, ಜುಲೈ 21ರಂದು ಅವರು ಕಣದಿಂದಲೇ ಹಿಂದೆ ಸರಿದರು. ಹೇಳಿ ಮಾಡಿಸಿದ ನೆಲದ ಮೇಲೂ ಕಾಲು ಜಾರುತ್ತದೆ.

ಎರಡನೆಯ ಬಗೆ, *ಎದುರಾಳಿ ಚರ್ಚೆಗೆ ಯೋಗ್ಯನಲ್ಲ* ಎಂಬುದು. 2002ರ ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆಯಲ್ಲಿ, ಮೊದಲ ಇಬ್ಬರಷ್ಟೇ ಉಳಿಯುವ ಎರಡನೆಯ ಸುತ್ತಿಗೆ ಕಟ್ಟಾ ಬಲಪಂಥದ ಜಾನ್ ಮರಿ ಲಪೆನ್ ಅನಿರೀಕ್ಷಿತವಾಗಿ ಬಂದಾಗ, ಅಧ್ಯಕ್ಷ ಜಾಕ್ ಶಿರಾಕ್, ಲಪೆನ್ ಜತೆ ಚರ್ಚಿಸಲು ನಿರಾಕರಿಸಿದರು. ದ್ವೇಷ ಮತ್ತು ಅಸಹನೆಯ ಜತೆ ರಾಜಿಯೂ ಇಲ್ಲ, ಚರ್ಚೆಯೂ ಇಲ್ಲ ಎಂಬುದು ಅವರ ನಿಲುವು. 1974ರಿಂದ ಬಂದಿದ್ದ ಸಂಪ್ರದಾಯ ಮುರಿಯಿತು. ಶಿರಾಕ್ ಶೇಕಡ 82ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಅವರ ಎರಡು ಚೀಟಿಗಳೂ ಒಂದೇ ಆಗಿದ್ದವೋ ಇಲ್ಲವೋ, ಹೊರಗೆ ಹೇಳಿದ ಕಾರಣವನ್ನಂತೂ ಕೊನೆಯವರೆಗೂ ಬದಲಿಸಲಿಲ್ಲ. ಹದಿನೈದು ವರ್ಷದ ನಂತರ ಅದೇ ಪರಿಸ್ಥಿತಿ ಮರಳಿತು: ಈ ಸಲ ಲಪೆನ್ ಅವರ ಮಗಳು ಮರೀನ್. ಇಮ್ಯಾನುಯೆಲ್ ಮ್ಯಾಕ್ರೋನ್ ಚರ್ಚೆಗೆ ಕುಳಿತರು, ಆ ರಾತ್ರಿ ಮರೀನ್ ಎಡವಿದ್ದನ್ನು ದೇಶವೇ ನೋಡಿತು. ಒಬ್ಬರು ದೂರವಿಟ್ಟು ಗೆದ್ದರು, ಇನ್ನೊಬ್ಬರು ಎದುರು ಕೂರಿಸಿ ಗೆದ್ದರು. ಹಾಗಾಗಿ "ಯೋಗ್ಯನಲ್ಲ" ಎಂಬ ಕಾರಣಕ್ಕೆ ಬೆಲೆ ಬರುವುದು ನೀವು ಅದನ್ನು ಮೊದಲ ದಿನದಿಂದ ಹೇಳುತ್ತಾ ಬಂದಿದ್ದರೆ ಮಾತ್ರ. ನಿನ್ನೆಯವರೆಗೆ ಅದೇ ವ್ಯಕ್ತಿಯೊಂದಿಗೆ ಫೋಟೊ ತೆಗೆಸಿಕೊಂಡು, ಸಮೀಕ್ಷೆಯ ಅಂಕಿ ಬಂದ ಮೇಲೆ ಅಯೋಗ್ಯ ಎಂದರೆ ನಗುತ್ತಾರೆ.

ಮೂರನೆಯದು *ಆರೋಗ್ಯ ಮತ್ತು ತುರ್ತು*. ಇಲ್ಲಿ ಹೆಚ್ಚು ಯೋಚಿಸುವುದಿಲ್ಲ: ನಿಜವಾಗಿ ಕಾಯಿಲೆಯಿದ್ದರೆ ಹೋಗಬೇಡಿ, ವೈದ್ಯರ ಹೇಳಿಕೆ ಬಿಡುಗಡೆ ಮಾಡಿ. 1960ರಲ್ಲಿ ರಿಚರ್ಡ್ ನಿಕ್ಸನ್ ಮೊಣಕಾಲಿನ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ಬಂದು, ಸೊರಗಿದ ಮುಖದಲ್ಲೇ ಕೆನಡಿ ಎದುರು ಕ್ಯಾಮೆರಾ ಮುಂದೆ ನಿಂತದ್ದು ಇಂದಿಗೂ ಪಾಠವಾಗಿ ಹೇಳುವ ಕಥೆ. ಆದರೆ ಆರೋಗ್ಯವನ್ನು ಕಾರಣವಾಗಿ ಕೊಟ್ಟವರು ಅದೇ ಹೊತ್ತಿಗೆ ಬೇರೆಡೆ ಕಾಣಿಸಿಕೊಳ್ಳಬಾರದು. 2018ರ ಸೆಪ್ಟೆಂಬರ್ 6ರಂದು ಚೂರಿ ಇರಿತಕ್ಕೆ ಒಳಗಾದ ಬ್ರೆಜಿಲ್‌ನ ಜೈರ್ ಬೊಲ್ಸೊನಾರೊ, ಮೊದಲ ಸುತ್ತಿನ ಕೊನೆಯ ದೊಡ್ಡ ಚರ್ಚೆಗೆ ವೈದ್ಯಕೀಯ ಕಾರಣದಿಂದ ಬರಲಿಲ್ಲ. ಅದೇ ಹೊತ್ತಿನಲ್ಲಿ ಇನ್ನೊಂದು ವಾಹಿನಿಯಲ್ಲಿ ಅವರ ಸಂದರ್ಶನ ಬಿತ್ತರವಾಯಿತು. ಗಾಯ ನಿಜ, ಶಸ್ತ್ರಚಿಕಿತ್ಸೆ ನಿಜ. ಆದರೂ ಎದುರಾಳಿಗಳಿಗೆ ಮಾತು ಸಿಕ್ಕಿತು. ಅವರು ಗೆದ್ದರು, ಸರಿ. ಅಷ್ಟು ಅಂತರದ ಮುನ್ನಡೆ ಇಲ್ಲದವರು ಇದನ್ನು ಅನುಕರಿಸಬಾರದು.

ನಾಲ್ಕನೆಯದು ಯಾವ ಚೀಟಿಯಲ್ಲೂ ಸುಲಭಕ್ಕೆ ಬರೆಯದ ಕಾರಣ: *ನಮ್ಮ ಅಭ್ಯರ್ಥಿಗೆ ಮಾತು ಬರುವುದಿಲ್ಲ*, ಅಥವಾ ಕೇಳಬಾರದ ಪ್ರಶ್ನೆಯೊಂದಿದೆ. ಕೇಳಬಾರದ ಪ್ರಶ್ನೆಯಿದ್ದರೆ ಅದನ್ನು ಕೇಳಲು ಚರ್ಚೆಯೇ ಬೇಕಿಲ್ಲ. ಯಾವುದೋ ಬೀದಿಯಲ್ಲಿ ಕೈಯಲ್ಲಿ ಮೊಬೈಲ್ ಹಿಡಿದ ಒಬ್ಬರು ಸಾಕು. ಉತ್ತರವನ್ನು ಈಗಲೇ ಕಟ್ಟಿಕೊಳ್ಳಿ. ಮಾತು ಬರುವುದಿಲ್ಲ ಎಂಬುದಕ್ಕೆ ಮದ್ದು ಅಭ್ಯಾಸ, ಅದರ ಮಾತು ಏಳನೆಯ ಹೆಜ್ಜೆಯಲ್ಲಿದೆ.

ಮೂರನೆಯ ಹೆಜ್ಜೆ: ನೀವು ಎಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ

ಹಿಂದೆ ಇರುವವರಿಗೆ ಈ ಹೆಜ್ಜೆ ಒಂದೇ ಸಾಲಿನದು: ಹೋಗಿ. ಹಣವಿಲ್ಲದೆ, ಹೆಸರಿಲ್ಲದೆ ಅಷ್ಟು ಜನರ ಕಣ್ಣೆದುರು ಮುಂಚೂಣಿಯ ಅಭ್ಯರ್ಥಿಯ ಸಮಕ್ಕೆ ನಿಲ್ಲುವ ಅವಕಾಶ ಮತ್ತೆ ಸಿಗುವುದಿಲ್ಲ.

ಮುಂದೆ ಇರುವವರ ಲೆಕ್ಕ ತೊಡಕಿನದು. 2022ರಲ್ಲಿ ಫಿಲಿಪ್ಪೀನ್ಸಿನ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಚುನಾವಣಾ ಆಯೋಗದ ಚರ್ಚೆಗಳಿಗೆ ಬರಲೇ ಇಲ್ಲ. ಶೇಕಡ 58ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. ಟ್ರಂಪ್ 2023ರ ಆಗಸ್ಟ್‌ನಿಂದ ನಡೆದ ತಮ್ಮ ಪಕ್ಷದ ಒಳಚುನಾವಣೆಯ ಚರ್ಚೆಗಳಲ್ಲಿ ಒಂದಕ್ಕೂ ಹೋಗದೆ ಉಮೇದುವಾರಿಕೆ ಗೆದ್ದರು. ಇಂಥ ಉದಾಹರಣೆ ತೋರಿಸಿ "ನೋಡಿ, ಏನೂ ಆಗುವುದಿಲ್ಲ" ಎನ್ನುವ ಸಲಹೆಗಾರರು ಎಲ್ಲೆಡೆ ಸಿಗುತ್ತಾರೆ. ಅವರನ್ನು ಕೇಳಬೇಕಾದ ಪ್ರಶ್ನೆ: ಅವರು ಚರ್ಚೆ ತಪ್ಪಿಸಿಕೊಂಡದ್ದರಿಂದ ಗೆದ್ದರೇ, ಅಥವಾ ಹೇಗೂ ಗೆಲ್ಲುವಷ್ಟು ಮುಂದಿದ್ದದ್ದರಿಂದ ತಪ್ಪಿಸಿಕೊಳ್ಳಲು ಸಾಧ್ಯವಾಯಿತೇ?

ಅದೇ ಟ್ರಂಪ್, 2016ರ ಜನವರಿ 28ರಂದು ಅಯೋವಾ ರಾಜ್ಯದ ಚರ್ಚೆಗೆ ಹೋಗದೆ ಅದೇ ಊರಿನಲ್ಲಿ ಮಾಜಿ ಸೈನಿಕರಿಗಾಗಿ ಬೇರೆ ಕಾರ್ಯಕ್ರಮ ನಡೆಸಿದ್ದರು. ನಾಲ್ಕು ದಿನಗಳ ನಂತರ ಅಲ್ಲಿನ ಒಳಚುನಾವಣೆಯಲ್ಲಿ ಅವರದೇ ಪಕ್ಷದ ಟೆಡ್ ಕ್ರೂಜ್ ಗೆದ್ದರು. ಮುನ್ನಡೆ ಇತ್ತು, ಆದರೆ ತೆಳುವಾಗಿತ್ತು.

ತೆಳುವು ಎಷ್ಟೆಂದು ಅಳೆಯಲು ನಿಮ್ಮ ಚುನಾವಣೆಯ ಗೆರೆ ಎಲ್ಲಿದೆ ಎಂಬುದನ್ನೂ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಮತ ಬಂದರಷ್ಟೇ ಮೊದಲ ಸುತ್ತಿನಲ್ಲಿ ಗೆಲುವು ಎಂಬ ನಿಯಮವಿರುವಲ್ಲಿ ಒಂದೆರಡು ಶೇಕಡವೇ ಎಲ್ಲವೂ. 2006ರಲ್ಲಿ ಬ್ರೆಜಿಲ್ ಅಧ್ಯಕ್ಷ ಲುಲಾ ಮೊದಲ ಸುತ್ತಿನ ಕೊನೆಯ ದೊಡ್ಡ ದೂರದರ್ಶನ ಚರ್ಚೆಗೆ ಹೋಗಲಿಲ್ಲ. ಅವರ ಕುರ್ಚಿ ಖಾಲಿ ಕಾಣಿಸಿತು. ಆ ದಿನಗಳಲ್ಲಿ ಅವರ ಪಕ್ಷದ ಸುತ್ತ ಹಗರಣವೊಂದೂ ಎದ್ದಿತ್ತು, ಆದ್ದರಿಂದ ಎಲ್ಲವನ್ನೂ ಕುರ್ಚಿಯ ತಲೆಗೆ ಕಟ್ಟಲಾಗದು. ಆದರೆ ಬಂದ ಮತ ಶೇಕಡ 48.6. ಗೆರೆ ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸುತ್ತಿನಲ್ಲಿ ಲುಲಾ ಚರ್ಚೆಗಳಿಗೆ ಹೋದರು, ಶೇಕಡ 60ಕ್ಕೂ ಹೆಚ್ಚು ಪಡೆದು ಗೆದ್ದರು.

ನಾಲ್ಕನೆಯ ಹೆಜ್ಜೆ: ನೀವಿಲ್ಲದ ವೇದಿಕೆಯನ್ನು ಕಣ್ಣ ಮುಂದೆ ತಂದುಕೊಳ್ಳಿ

ಕಾಗದದ ಮೇಲೆ ವೇದಿಕೆಯ ಚಿತ್ರ ಬಿಡಿಸಿ. ಆರು ಜನರಿದ್ದು ನೀವೊಬ್ಬರು ಇಲ್ಲದಿದ್ದರೆ ಉಳಿದ ಐವರು ತಮ್ಮ ತಮ್ಮಲ್ಲೇ ಕಚ್ಚಾಡುವ ಸಾಧ್ಯತೆಯಿದೆ; ನಿಮ್ಮ ಗೈರುಹಾಜರಿ ಅರ್ಧ ಗಂಟೆಯಲ್ಲಿ ಹಳೆಯದಾಗುತ್ತದೆ. ಇಬ್ಬರದೇ ಚರ್ಚೆಯಾದರೆ ಎದುರಾಳಿಗೆ ಇಡೀ ಅವಧಿ ಉಡುಗೊರೆಯಾಗಿ ಸಿಗುತ್ತದೆ.

ಕೀನ್ಯಾ ಈ ಪಾಠವನ್ನು ಎರಡು ಸಲ ಕಲಿಸಿತು, ಅದೂ ಒಬ್ಬರೇ ನಾಯಕರನ್ನು ಎರಡೂ ಕಡೆ ನಿಲ್ಲಿಸಿ. 2017ರ ಜುಲೈನಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ ಚರ್ಚೆಗೆ ಬರಲಿಲ್ಲ. ರೈಲಾ ಒಡಿಂಗಾ ಒಬ್ಬರೇ ನಿರೂಪಕರಿಗೆ ಉತ್ತರಿಸಿದರು. 2022ರ ಜುಲೈನಲ್ಲಿ ಅದೇ ಒಡಿಂಗಾ, ಎದುರಾಳಿಯ ನೈತಿಕತೆಯನ್ನು ಪ್ರಶ್ನಿಸಿ ಬಾರದೆ ಉಳಿದರು. ವಿಲಿಯಂ ರೂಟೊ ಒಬ್ಬರೇ ನಿಂತರು. ಆ ವರ್ಷ ರೂಟೊ ಪಡೆದದ್ದು ಶೇಕಡ 50.49, ಒಡಿಂಗಾ 48.85. ಐದು ವರ್ಷದ ಹಿಂದೆ ತಾನು ನಿಂತು ತೋರಿಸಿದ್ದ ಖಾಲಿ ಪೋಡಿಯಂನ ಹಿಂದೆ ಈ ಸಲ ತನ್ನದೇ ಹೆಸರು ಇರುತ್ತದೆ ಎಂಬುದನ್ನು ಅವರ ತಂಡ ಯೋಚಿಸಿತ್ತೋ ಇಲ್ಲವೋ. ನಿಮ್ಮ ಅಭ್ಯರ್ಥಿ ಹಿಂದೊಮ್ಮೆ ಬೇರೆಯವರ ಗೈರುಹಾಜರಿಯನ್ನು ಅಣಕಿಸಿದ್ದರೆ, ಹೋಗದಿರುವ ಆಯ್ಕೆ ನಿಮಗೆ ಹೆಚ್ಚೂಕಡಿಮೆ ಮುಚ್ಚಿದೆ.

ಅತಿ ವಿಚಿತ್ರ ಚಿತ್ರ 2020ರ ಪೋಲೆಂಡಿನದು. ಎರಡನೆಯ ಸುತ್ತಿಗೆ ಮುನ್ನ ಅಧ್ಯಕ್ಷ ಆಂಜೆಯ್ ದುದಾ ಒಂದು ಊರಿನಲ್ಲಿ, ಎದುರಾಳಿ ರಫಾವ್ ಟ್ರಶಸ್ಕೊವ್‌ಸ್ಕಿ ಇನ್ನೊಂದು ಊರಿನಲ್ಲಿ, ಒಂದೇ ಸಂಜೆ, ಪಕ್ಕದಲ್ಲಿ ಎದುರಾಳಿಯ ಖಾಲಿ ಪೋಡಿಯಂ ಇಟ್ಟುಕೊಂಡು ಮಾತಾಡಿದರು. ಇಬ್ಬರೂ ಬಂದಿದ್ದರು, ಇಬ್ಬರೂ ಬಂದಿರಲಿಲ್ಲ. ದುದಾ ಶೇಕಡ 51ರಷ್ಟರಲ್ಲಿ ಗೆದ್ದರು.

ಐದನೆಯ ಹೆಜ್ಜೆ: ನಡುವಿನ ದಾರಿಗಳನ್ನು ತಡಕಿ ನೋಡಿ

ಹೋಗು, ಹೋಗಬೇಡ ಎಂಬ ಎರಡೇ ಬಾಗಿಲುಗಳಿವೆ ಎಂದು ತಿಳಿಯಬೇಡಿ. ದಿನಾಂಕ ಬದಲಿಸಲು ಕೇಳಬಹುದು. ನಿಯಮ ಬದಲಿಸಲು ಕೇಳಬಹುದು. ಒಂದೇ ವೇದಿಕೆಯ ಬದಲು ಒಬ್ಬರಾದ ಮೇಲೆ ಒಬ್ಬರು, ಅದೇ ನಿರೂಪಕರ ಅದೇ ಪ್ರಶ್ನೆಗಳಿಗೆ ಉತ್ತರಿಸುವ ವ್ಯವಸ್ಥೆ ಕೇಳಬಹುದು. ನನಗೆ ಇದು ತಕ್ಕಮಟ್ಟಿಗೆ ಪ್ರಾಮಾಣಿಕವಾದ ದಾರಿ ಎನಿಸುತ್ತದೆ, ಏಕೆಂದರೆ ಇಲ್ಲಿ ಎದುರಾಳಿ ತಪ್ಪುತ್ತಾನೆಯೇ ಹೊರತು ಪ್ರಶ್ನೆ ತಪ್ಪುವುದಿಲ್ಲ. ಮೂರು ಚರ್ಚೆಗಳಿದ್ದರೆ ಎರಡನ್ನು ಒಪ್ಪಿ ಒಂದನ್ನು ಬಿಡುವುದು ಮೊದಲ ದಿನವೇ ಹೇಳಿದರೆ ಯಾರಿಗೂ ತಪ್ಪೆನಿಸುವುದಿಲ್ಲ.

ಬದಲಿ ವಕ್ತಾರರನ್ನು ಕಳಿಸುವ ಯೋಚನೆ ಬಂದರೆ ಎರಡು ಪ್ರಸಂಗ ನೆನಪಿರಲಿ. ಎರಡೂ ಬ್ರಿಟನ್ನಿನವು. 2017ರ ಮೇ 31ರ ಚರ್ಚೆಗೆ ಪ್ರಧಾನಿ ತೆರೇಸಾ ಮೇ ತಮ್ಮ ಬದಲು ಗೃಹ ಸಚಿವೆ ಆಂಬರ್ ರಡ್ ಅವರನ್ನು ಕಳಿಸಿದರು. ಚರ್ಚೆಗೆ ಬರುವುದಿಲ್ಲ ಎಂದು ಮೇ ಆರಂಭದಿಂದಲೂ ಹೇಳಿದ್ದರು, ನಿಲುವು ಬದಲಿಸಿರಲಿಲ್ಲ. ಆದರೆ ಎದುರಾಳಿ ಜೆರೆಮಿ ಕಾರ್ಬಿನ್ ಅದೇ ದಿನ ದಿಢೀರನೆ ತಾನು ಬರುವುದಾಗಿ ಘೋಷಿಸಿದರು. ತಂದೆಯನ್ನು ಕಳೆದುಕೊಂಡು ಕೆಲವೇ ದಿನವಾಗಿದ್ದ ರಡ್ ವೇದಿಕೆಯಲ್ಲಿ ನಿಂತರು. ಪ್ರಧಾನಿ ಎಲ್ಲಿ ಎಂಬ ಪ್ರಶ್ನೆ ಇಡೀ ಸಂಜೆ ತೇಲುತ್ತಿತ್ತು. ಮೇ ಅವರ ಪಕ್ಷ ಬಹುಮತ ಕಳೆದುಕೊಂಡಿತು. ಪ್ರಣಾಳಿಕೆಯ ವೃದ್ಧರ ಆರೈಕೆ ನೀತಿಯಂಥ ಬೇರೆ ಕಾರಣಗಳೂ ದೊಡ್ಡವಿದ್ದವು. ಇನ್ನೊಂದು, 2019ರ ನವೆಂಬರಿನ ಹವಾಮಾನ ಚರ್ಚೆ. ಪ್ರಧಾನಿ ಬೋರಿಸ್ ಜಾನ್ಸನ್ ಬರಲಿಲ್ಲ; ಬದಲಿಗೆ ಸಚಿವ ಮೈಕಲ್ ಗೋವ್ ಬಂದರು. ಇದು ಪಕ್ಷದ ನಾಯಕರಿಗೆ ಮಾತ್ರ ಎಂದು ಹೇಳಿ ಅವರನ್ನು ವೇದಿಕೆಗೆ ಬಿಡಲಿಲ್ಲ. ಜಾನ್ಸನ್ ನಿಲ್ಲಬೇಕಿದ್ದ ಜಾಗದಲ್ಲಿ ವಾಹಿನಿಯವರು ಮಂಜುಗಡ್ಡೆಯ ಶಿಲ್ಪವಿಟ್ಟರು, ಅದು ದೀಪಗಳ ಕೆಳಗೆ ಕರಗುತ್ತಾ ನಿಂತಿತು. ಎರಡೇ ವಾರದ ನಂತರ ಜಾನ್ಸನ್ 365 ಸ್ಥಾನ ಗೆದ್ದರು ಎಂಬುದೂ ನಿಜ.

ಆದ್ದರಿಂದ ಬದಲಿಯವರನ್ನು ಕಳಿಸುವ ಮುನ್ನ ಆಯೋಜಕರ ಲಿಖಿತ ಒಪ್ಪಿಗೆ ಪಡೆಯಿರಿ. ಎದುರಾಳಿಯೂ ಬದಲಿಯವರನ್ನೇ ಕಳಿಸುತ್ತಾನೆ ಎಂಬ ನಂಬಿಕೆಯ ಮೇಲೆ ಏನನ್ನೂ ಕಟ್ಟಬೇಡಿ.

ಆರನೆಯ ಹೆಜ್ಜೆ: ಹೋಗುವುದಿಲ್ಲ ಎಂದಾದರೆ, ಹೀಗೆ ಹೇಳಿ

ಬೇಗ ಹೇಳಿ. ಆಯೋಜಕರಿಗೆ ಮೊದಲು, ಪತ್ರಕರ್ತರಿಗೆ ಆಮೇಲೆ. ಚರ್ಚೆಗೆ ಎರಡು ವಾರ ಮುಂಚೆ ಹೇಳಿದರೆ ಅದು ಒಂದು ದಿನದ ಸುದ್ದಿ. ಎರಡು ಗಂಟೆ ಮುಂಚೆ ಹೇಳಿದರೆ ಚರ್ಚೆಯ ಪ್ರತಿ ನಿಮಿಷವೂ ಅದೇ ಸುದ್ದಿ.

ಅಭ್ಯರ್ಥಿಯೇ ಹೇಳಬೇಕು. ವಕ್ತಾರರ ಬಾಯಲ್ಲಿ ಬಂದ ಗೈರುಹಾಜರಿ ಇಮ್ಮಡಿ ಗೈರುಹಾಜರಿ. "ಕಾರ್ಯಕ್ರಮಗಳ ಒತ್ತಡದಿಂದ ಸಾಧ್ಯವಾಗುತ್ತಿಲ್ಲ" ಎಂಬ ಸಾಲನ್ನು ಅಳಿಸಿಹಾಕಿ. ಮತದಾರರಿಗೆ ಉತ್ತರ ಕೊಡುವುದಕ್ಕಿಂತ ದೊಡ್ಡ ಕಾರ್ಯಕ್ರಮ ಚುನಾವಣೆಯಲ್ಲಿ ಯಾವುದು ಎಂದು ಯಾರಾದರೂ ಕೇಳುತ್ತಾರೆ. ಹೇಳಿಕೆ ಈ ಅಳತೆಯಲ್ಲಿರಲಿ:

"ಇಂಥ ದಿನದ ಚರ್ಚೆಗೆ ನಾನು ಒಪ್ಪಿದ್ದೆ. ಪ್ರವೇಶಪತ್ರ ಹಂಚಿಕೆ ಎರಡೂ ಕಡೆಗೆ ಸಮವಾಗಿರಬೇಕು ಎಂದು ಇಂಥ ದಿನ ಬರೆದು ಕೇಳಿದೆ. ಬದಲಾವಣೆ ಆಗದ ಕಾರಣ ಹಿಂದೆ ಸರಿಯುತ್ತಿದ್ದೇನೆ. ಅದೇ ಪ್ರಶ್ನೆಗಳಿಗೆ ಇಂಥ ದಿನ, ಇಂಥ ಜಾಗದಲ್ಲಿ, ಯಾರು ಬೇಕಾದರೂ ಬಂದು ಕೇಳುವಂತೆ ಉತ್ತರಿಸುತ್ತೇನೆ."

ಕೊನೆಯ ವಾಕ್ಯ ಇಲ್ಲದಿದ್ದರೆ ಉಳಿದ ಮೂರು ನೆಪಗಳಾಗುತ್ತವೆ. ಆ ಪರ್ಯಾಯ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳುವವರು ನಿಮ್ಮ ಕಾರ್ಯಕರ್ತರಾಗಿರಬಾರದು. ಚಪ್ಪಾಳೆಗೆಂದೇ ಕರೆತಂದವರ ನಡುವೆ ನಿಂತು "ಕಠಿಣ ಪ್ರಶ್ನೆಗಳಿಗೆ ಉತ್ತರಿಸಿದೆ" ಎಂದರೆ ಖಾಲಿ ಕುರ್ಚಿಗಿಂತ ಕೆಟ್ಟದಾಗಿ ಕಾಣುತ್ತದೆ.

ಕಾರಣ ಬದಲಿಸಬೇಡಿ. ಸೋಮವಾರ ಸ್ವರೂಪದ ದೋಷ, ಬುಧವಾರ ಎದುರಾಳಿಯ ಭಾಷೆ, ಶುಕ್ರವಾರ ಗಂಟಲು ನೋವು ಎಂದಾದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಗುತ್ತದೆ.

ಹೋಗುವುದಿಲ್ಲ ಎಂದು ಬೆದರಿಸಿ ಆಮೇಲೆ ಹೋಗುವುದು ಎರಡರ ನಷ್ಟವನ್ನೂ ತರುತ್ತದೆ. 2008ರ ಸೆಪ್ಟೆಂಬರ್ 24ರಂದು ಆರ್ಥಿಕ ಕುಸಿತದ ನಡುವೆ ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್ ಪ್ರಚಾರ ನಿಲ್ಲಿಸುವುದಾಗಿ, 26ರ ಚರ್ಚೆಯನ್ನು ಮುಂದೂಡಬೇಕೆಂದು ಘೋಷಿಸಿದರು. ಅಧ್ಯಕ್ಷನಾಗುವವನು ಒಂದಕ್ಕಿಂತ ಹೆಚ್ಚು ಕೆಲಸವನ್ನು ಒಟ್ಟಿಗೆ ನಿಭಾಯಿಸಬೇಕಾಗುತ್ತದೆ ಎಂದು ಎದುರಾಳಿ ಒಬಾಮ ತಣ್ಣಗೆ ಉತ್ತರಿಸಿದರು. 26ರಂದು ಮೆಕೇನ್ ವೇದಿಕೆಯಲ್ಲಿದ್ದರು. ಕಾರಣ ನಿಜವಾದದ್ದೇ ಇರಬಹುದು. ನೋಡಿದವರಿಗೆ ಉಳಿದದ್ದು ತಡಬಡಿಕೆ.

ಏಳನೆಯ ಹೆಜ್ಜೆ: ಹೋಗುವುದೆಂದಾದರೆ

ಇದು ಬೇರೆಯೇ ಮಾರ್ಗದರ್ಶಿಯ ವಸ್ತು, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಎದುರಾಳಿಯ ಪಾತ್ರಕ್ಕೆ ನಿಮ್ಮ ಅಭ್ಯರ್ಥಿಯನ್ನು ಕೆಣಕಲು ಹೆದರದ ಒಬ್ಬರನ್ನು ನಿಲ್ಲಿಸಿ, ಪೂರ್ತಿ ಅವಧಿಯ ಅಣಕು ಚರ್ಚೆ ಕನಿಷ್ಠ ಮೂರು ಸಲ ನಡೆಸಿ. ನಿಂತೇ ನಡೆಸಿ, ಚರ್ಚೆ ನಡೆಯುವ ಹೊತ್ತಿಗೇ ನಡೆಸಿ. ಆ ಕೇಳಬಾರದ ಪ್ರಶ್ನೆಯನ್ನು ಮೂರು ಸಲವೂ ಕೇಳಿ. ಹಿಂದಿನ ಎರಡು ದಿನ ಪ್ರಯಾಣ ಬೇಡ. ಪುಟಗಟ್ಟಲೆ ಅಂಕಿಅಂಶ ತುಂಬಿಸುವ ಸಲಹೆಗಾರರನ್ನು ಕೋಣೆಯಿಂದ ಹೊರಗಿಡಿ. ನಿದ್ದೆ ಮಾಡಿದ ಅಭ್ಯರ್ಥಿ ಓದಿದ ಅಭ್ಯರ್ಥಿಗಿಂತ ಮೇಲು.

ಸ್ಥಳೀಯ ಚುನಾವಣೆಗಳಿಗೆ ಒಂದು ಮಾತು. ರಾಷ್ಟ್ರಮಟ್ಟದ ನಾಯಕರನ್ನು ಜನ ದಿನವೂ ಪರದೆಯಲ್ಲಿ ನೋಡಿರುತ್ತಾರೆ, ಅವರ ಖಾಲಿ ಕುರ್ಚಿ ಸಾವಿರ ಚಿತ್ರಗಳಲ್ಲಿ ಒಂದು. ವಾರ್ಡಿನ ಅಭ್ಯರ್ಥಿಯನ್ನು ಬಹುಪಾಲು ಮತದಾರರು ನೋಡುವುದೇ ಆ ಒಂದು ಸಂಜೆ. ಮೇಲೆ ಹೇಳಿದ ಗೆದ್ದವರ ಪಟ್ಟಿ ಅಲ್ಲಿ ಯಾವ ಉಪಯೋಗಕ್ಕೂ ಬಾರದು.

ಎಂಟನೆಯ ಹೆಜ್ಜೆ: ಬಾರದವರು ಎದುರಾಳಿಯಾಗಿದ್ದರೆ

2019ರ ಜನವರಿಯಲ್ಲಿ ನೈಜೀರಿಯಾದ ಅಧ್ಯಕ್ಷೀಯ ಚರ್ಚೆಗೆ ಅಂದಿನ ಅಧ್ಯಕ್ಷ ಮುಹಮ್ಮದು ಬುಹಾರಿ ಬರಲಿಲ್ಲ. ಮುಖ್ಯ ಎದುರಾಳಿ ಅತಿಕು ಅಬೂಬಕರ್ ಸ್ಥಳಕ್ಕೆ ಬಂದಿದ್ದರು. ಬುಹಾರಿ ಇಲ್ಲವೆಂದು ತಿಳಿದು, ಅವರಿಲ್ಲದೆ ತಾನೂ ಚರ್ಚಿಸುವುದಿಲ್ಲ ಎಂದು ಹೊರಟುಹೋದರು. ಉಳಿದ ಮೂವರು ಚಿಕ್ಕ ಪಕ್ಷದ ಅಭ್ಯರ್ಥಿಗಳು ನಿರಾಳವಾಗಿ ಮಾತಾಡಿದರು. ಬುಹಾರಿ ಬಾರದ ಸುದ್ದಿಯ ಪಕ್ಕದಲ್ಲೇ ಅತಿಕು ಎದ್ದುಹೋದ ಸುದ್ದಿ ಬಂತು, ಎರಡೂ ತಕ್ಕಡಿ ಸಮವಾದವು. ಆ ಚುನಾವಣೆಯಲ್ಲಿ ಬುಹಾರಿಯೇ ಗೆದ್ದರು.

ನೀವು ಹಾಗೆ ಮಾಡಬೇಡಿ. ಖಾಲಿ ಪೋಡಿಯಂ ಕಡೆಗೆ ಒಂದು ಸಲ, ಆರಂಭದಲ್ಲಿ, ಒಂದೇ ವಾಕ್ಯದಲ್ಲಿ ಬೊಟ್ಟು ಮಾಡಿ. ಆಮೇಲೆ ಅದನ್ನು ಮರೆತು ನಿರೂಪಕರ ಪ್ರಶ್ನೆಗೆ ಉತ್ತರಿಸಿ. ಒಂದೂವರೆ ಗಂಟೆ ಕುರ್ಚಿಯನ್ನೇ ಬೈಯುವವರು ತಮಗೆ ಬಿಟ್ಟಿ ಸಿಕ್ಕ ಸಮಯವನ್ನು ಬಾರದವನ ಬಗ್ಗೆ ಮಾತಾಡಲು ಖರ್ಚು ಮಾಡುತ್ತಾರೆ. ಒಬ್ಬರೇ ಇರುವಾಗ ನಿರೂಪಕರು ಎದುರಾಳಿಯ ಪರವಾಗಿಯೂ ಪ್ರಶ್ನೆ ಕೇಳುತ್ತಾರೆ, ಪ್ರತಿ ಉತ್ತರವನ್ನೂ ಕೆದಕುತ್ತಾರೆ. ಇಬ್ಬರ ಚರ್ಚೆಗಿಂತ ಹೆಚ್ಚು ಸಿದ್ಧತೆ ಬೇಕಾಗುವುದು ಈ ಒಂಟಿ ವೇದಿಕೆಗೇ. ಆದ್ದರಿಂದ ಅಣಕು ಚರ್ಚೆಗಳಲ್ಲಿ ಒಂದನ್ನು ಎದುರಾಳಿಯಿಲ್ಲದೆ, ಇಬ್ಬರು ಪ್ರಶ್ನಿಸುವವರನ್ನು ಇಟ್ಟುಕೊಂಡು ನಡೆಸಿ.